ಹಲಸಿನ ಮೇಣಕ್ಕೆ ಮೊದಲು ಎಣ್ಣೆ, ಆಮೇಲೆ ಸೋಪು

ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿ ಪುತ್ತೂರಿಗೆ ಸೊಸೆಯಾಗಿ ಬಂದವಳು ನಾನು. ಮೊದಲ ಸಲ ಹಪ್ಪಳಕ್ಕೆ ಹಲಸು ಕೊಯ್ದಾಗ ಮೇಣ ಮೆತ್ತಿದ ಕೈಯನ್ನು ಸೀದಾ ನಲ್ಲಿಯ ಕೆಳಗೆ ಹಿಡಿದೆ. ಮೇಣ ಬಿಡಲಿಲ್ಲ, ಬೆರಳಿಗೆ ಬೆರಳು ಅಂಟಿತು. ಅತ್ತೆ ಏನೂ ಹೇಳದೆ ತೆಂಗಿನೆಣ್ಣೆ ಬಾಟಲಿ ತಂದು ಮುಂದಿಟ್ಟರು.

ಕೊಯ್ಯುವ ಮೊದಲೇ ಎರಡೂ ಕೈಗೆ, ಬೆರಳ ಸಂದಿಗೆ, ಕತ್ತಿಯ ಅಲಗಿಗೆ ಎಣ್ಣೆ ಸವರಿ. ಆಮೇಲೆ ಕತ್ತಿ ಹಿಡಿಯುವ ಅಂಗೈಯನ್ನೂ ಕತ್ತಿಯ ಹಿಡಿಯನ್ನೂ ಒರೆಸಿಬಿಡಿ, ಇಲ್ಲವಾದರೆ ಜಾರುತ್ತದೆ. ಕೆಳಗೆ ಹಳೆಯ ಪೇಪರ್ ಹಾಸಿ. ಗೂಂಜಿನ, ಅಂದರೆ ಹಲಸಿನ ನಡುವಿನ ದಿಂಡಿನ, ಹತ್ತಿರ ಮೇಣ ಜಾಸ್ತಿ. ಅದನ್ನು ಒಂದು ಕೋಲಿಗೆ ಸುತ್ತಿ ತೆಗೆಯಿರಿ.

ನೀರಿಗೆ ಯಾಕೆ ಹೋಗುವುದಿಲ್ಲ? ನೀರಿನ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಇದೇ ಹೈಡ್ರೋಜನ್ ಬಂಧ. ತಮ್ಮ ಹಾಗೆಯೇ ಕೈ ಚಾಚುವವರನ್ನು ಮಾತ್ರ ಅವು ನಡುವೆ ಬಿಟ್ಟುಕೊಳ್ಳುತ್ತವೆ. ಸಕ್ಕರೆಯ ಒಂದು ಅಣುವಿನಲ್ಲಿ ಅಂಥ ಕೈ, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿ, 8 ಇವೆ. ಅದಕ್ಕೇ 100 ಗ್ರಾಂ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ರಬ್ಬರು, ರಾಳ ಇರುವ ಮೇಣಕ್ಕೆ ಅಂಥ ಕೈಗಳು ಇಲ್ಲವೆನ್ನುವಷ್ಟು ಕಡಿಮೆ. ಅದರ ಅಣುಗಳ ನಡುವಿನ ಸೆಳೆತ ಎಣ್ಣೆಯ ಸೆಳೆತದ ಜಾತಿಯದ್ದೇ. ಹಾಗಾಗಿ ಎಣ್ಣೆ ಸಲೀಸಾಗಿ ಒಳಗೆ ನುಗ್ಗಿ ಅಂಟನ್ನು ಸಡಿಲ ಮಾಡುತ್ತದೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು, ಅಲ್ವಾ!

ಕೆಲಸ ಮುಗಿದ ಮೇಲೂ ನೀರು ಮುಟ್ಟಬೇಡಿ. ಒಣ ಕೈಗೆ ಒಂದು ಚಮಚ ಎಣ್ಣೆ ಹಾಕಿ ಒಂದೆರಡು ನಿಮಿಷ ತಿಕ್ಕಿ. ಮೇಣ ಉಂಡೆ ಉಂಡೆಯಾಗಿ ಏಳುತ್ತದೆ. ಪೇಪರಿನಲ್ಲಿ ಒರೆಸಿ, ಇನ್ನೊಮ್ಮೆ ತಿಕ್ಕಿ. ಕೊನೆಗೆ ಸೋಪು. ಸೋಪಿನ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಕತ್ತಿಗೂ ಇದೇ ಕ್ರಮ.

ಹಸಿಮೆಣಸು ಹೆಚ್ಚಿ ಕೈ ಉರಿಯುವಾಗಲೂ ಹೀಗೇ ಮಾಡುತ್ತೇನೆ. ಖಾರದ ಕ್ಯಾಪ್ಸೈಸಿನ್ ನೀರಿಗಿಂತ ಎಣ್ಣೆಗೆ ಬೇಗ ಒಲಿಯುತ್ತದೆ. ಅರಿಶಿನದ ಬಣ್ಣವೂ ಹಾಗೆಯೇ, ಆದರೆ ಬಟ್ಟೆಗೆ ಎಣ್ಣೆ ಹಚ್ಚಲು ಹೋಗಬೇಡಿ, ಒಂದು ಕಲೆಗೆ ಎರಡಾಗುತ್ತದೆ. ಸೋಪು ಹಾಕಿದಾಗ ಅರಿಶಿನದ ಕಲೆ ಕೆಂಪಾದರೆ ಗಾಬರಿ ಬೇಡ. ಅದು ಸೋಪಿನ ಕ್ಷಾರದ ಆಟ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ, ಉಳಿದ ಹಳದಿ ನಿಧಾನವಾಗಿ ಮಾಸುತ್ತದೆ.