ಒಂದು ಬ್ರೌಸರ್‌ನಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು: ದೂರು ಕೊಡುವುದು ಹೇಗೆ?

ಲ್ಯಾಪ್‌ಟಾಪ್‌ನಲ್ಲಿ ನೆಟ್ಟಗಿದ್ದ ಪುಟವನ್ನು ಫೋನ್‌ನಲ್ಲಿ ತೆರೆಯುತ್ತೀರಿ. ಕೆಳಗಿನ ಬಟನ್ ಕಾಣಿಸುವುದೇ ಇಲ್ಲ. ಎಷ್ಟೋ ಸಲ ಇದಕ್ಕೆ ಕಾರಣ 100ವಿಎಚ್ (100vh), ಅಂದರೆ ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ ಎತ್ತರ ಹೇಳುವ ಒಂದು ಅಳತೆ. ನಾವು ಪರದೆಯ ಪೂರ್ತಿ ಎತ್ತರ ಎಂದುಕೊಂಡು ಅದನ್ನು ಬರೆಯುತ್ತೇವೆ. ಮೊಬೈಲ್ ಬ್ರೌಸರ್ ಮಾತ್ರ, ಮೇಲಿನ ಅಡ್ರೆಸ್ ಬಾರ್ ಸರಿದುಹೋದ ಮೇಲೆ ಸಿಗುವ ಎತ್ತರವನ್ನು ಹಿಡಿಯುತ್ತದೆ. ಬಾರ್ ಇದ್ದಷ್ಟು ಹೊತ್ತು ಕೆಳಗಿನ ಭಾಗ ಪರದೆಯಿಂದ ಆಚೆ.

ಡೆವಲಪರ್‌ಗಳು ವರ್ಷಗಟ್ಟಲೆ ಇದಕ್ಕೆ ಜಾವಾಸ್ಕ್ರಿಪ್ಟ್ ತೇಪೆ ಹಾಕಿದರು. ಕೊನೆಗೆ ಡಿವಿಎಚ್, ಎಸ್‌ವಿಎಚ್, ಎಲ್‌ವಿಎಚ್ ಎಂಬ ಹೊಸ ಅಳತೆಗಳು ಬಂದವು. 2022ರ ಇಂಟರಾಪ್ ಪಟ್ಟಿಯಲ್ಲಿ ಇವೂ ಇದ್ದವು. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ, ಇಗಾಲಿಯಾ, ಬೋಕಪ್ ಸೇರಿ ನಡೆಸುವ ಯೋಜನೆ ಇದು. ಈ ವರ್ಷ ಎಲ್ಲ ಬ್ರೌಸರ್‌ಗಳಲ್ಲಿ ಒಂದೇ ಥರ ಮಾಡಬೇಕಾದದ್ದು ಏನೇನು ಎಂದು ಇವರು ಒಟ್ಟಿಗೆ ಕೂತು ಆರಿಸುತ್ತಾರೆ. ಆ ಪಟ್ಟಿಗೆ ನೀವೂ ಸಲಹೆ ಕೊಡಬಹುದು. ಸುಮ್ನೆ ಬೈದುಕೊಳ್ಳುವುದಕ್ಕಿಂತ ಅದು ಒಳ್ಳೆಯದಲ್ವಾ?

ಮೊದಲು ಎಂಜಿನ್ ಗುರುತಿಸಿ, ಅಂದರೆ ಕೋಡ್ ಓದಿ ಪುಟವನ್ನು ಪರದೆಯ ಮೇಲೆ ಮೂಡಿಸುವ ಬ್ರೌಸರ್‌ನ ಒಳಭಾಗ. ಬ್ರೌಸರ್‌ಗಳು ಬೇಕಾದಷ್ಟಿದ್ದರೂ ಮುಖ್ಯ ಎಂಜಿನ್‌ಗಳು ಮೂರೇ. ಕ್ರೋಮ್, ಎಡ್ಜ್‌ಗಳಲ್ಲಿ ಬ್ಲಿಂಕ್, ಸಫಾರಿಯಲ್ಲಿ ವೆಬ್‌ಕಿಟ್, ಫೈರ್‌ಫಾಕ್ಸ್‌ನಲ್ಲಿ ಗೆಕೊ. ಐಫೋನ್‌ನ ಕ್ರೋಮ್ ಒಳಗೆ ಸಾಮಾನ್ಯವಾಗಿ ಇರುವುದೂ ವೆಬ್‌ಕಿಟ್ಟೇ. ಹಾಗಾಗಿ ಅಲ್ಲಿ ಕಂಡ ದೋಷವನ್ನು ಕ್ರೋಮ್ ತಂಡಕ್ಕೆ ಬರೆದರೆ ವಿಳಾಸ ತಪ್ಪಿದ ಪತ್ರದಂತೆ ಆಗುತ್ತದೆ.

ಆಮೇಲೆ ಬೇಸ್‌ಲೈನ್ ನೋಡಿ. ವೆಬ್ ಡೆವಲಪರ್‌ಗಳ ಕೈಪಿಡಿಯಂತಿರುವ ಎಂಡಿಎನ್ ತಾಣದ ಪುಟಗಳ ಮೇಲ್ಭಾಗದಲ್ಲೇ ಈ ಗುರುತು ಇರುತ್ತದೆ. ಒಂದು ಸೌಲಭ್ಯ ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ಬಂದ ದಿನದಿಂದ ಅದು 'ಹೊಸದಾಗಿ ಲಭ್ಯ'. ಅಲ್ಲಿಂದ 30 ತಿಂಗಳು ಕಳೆದರೆ 'ವ್ಯಾಪಕವಾಗಿ ಲಭ್ಯ'. ಸೌಲಭ್ಯ ಇನ್ನೂ ಬಂದೇ ಇಲ್ಲವೋ, ಬಂದಿದ್ದರೂ ತಪ್ಪಾಗಿ ನಡೆಯುತ್ತಿದೆಯೋ ಎಂಬುದನ್ನು ಇಲ್ಲೇ ಬೇರೆ ಮಾಡಿಕೊಳ್ಳಿ. ಎರಡೂ ಬೇರೆ ಬೇರೆ ದೂರುಗಳು.

ಈಗ ಪುಟವನ್ನು ಕತ್ತರಿಸಿ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ನಿಮ್ಮ ಪುಟದ ನಕಲು ಮಾಡಿಕೊಂಡು ಒಂದೊಂದೇ ಭಾಗ ತೆಗೆಯುತ್ತಾ ಹೋಗಿ. ಮೊದಲು ಫ್ರೇಮ್‌ವರ್ಕ್, ಆಮೇಲೆ ಫಾಂಟು, ಚಿತ್ರ, ಬಣ್ಣ. ಪ್ರತಿ ಸಲ ರೀಲೋಡ್ ಮಾಡಿ ದೋಷ ಇನ್ನೂ ಇದೆಯಾ ನೋಡಿ. ದೋಷ ಮಾಯವಾದರೆ ಕೊನೆಗೆ ತೆಗೆದದ್ದನ್ನು ವಾಪಸ್ ಹಾಕಿ. ಕೊನೆಗೆ ಇಪ್ಪತ್ತು ಮೂವತ್ತು ಸಾಲು ಉಳಿದರೆ ಸಾಕು. ತಪ್ಪು ನಮ್ಮ ಕೋಡ್‌ನದ್ದೇ ಎಂದು ಎಷ್ಟೋ ಸಲ ಈ ಹಂತದಲ್ಲೇ ಗೊತ್ತಾಗುತ್ತದೆ, ಅದೂ ಲಾಭವೇ. ಇಲ್ಲವಾದರೆ, ಎಂಜಿನಿಯರ್ ಒಬ್ಬರು ಐದು ನಿಮಿಷದಲ್ಲಿ ಓದಿ ಅರ್ಥ ಮಾಡಿಕೊಳ್ಳುವಂಥ ಪುರಾವೆ ನಿಮ್ಮ ಕೈಯಲ್ಲಿರುತ್ತದೆ.

ದೂರು ಬರೆಯಿರಿ. ಮೂರೂ ಎಂಜಿನ್‌ಗಳಿಗೆ ಸಾರ್ವಜನಿಕ ಬಗ್ ಪಟ್ಟಿಗಳಿವೆ. ಮೊದಲು ಹುಡುಕಿ. ಅದೇ ದೂರು ಆಗಲೇ ಇದ್ದರೆ ನಿಮ್ಮ ಉದಾಹರಣೆಯನ್ನು ಅದರಡಿಯಲ್ಲೇ ಸೇರಿಸಿ. ಏನಾಗಬೇಕಿತ್ತು, ಏನಾಯಿತು, ಯಾವ ಆವೃತ್ತಿ, ಇಷ್ಟು ಬರೆದರೆ ಆಯಿತು.

ಇಂಟರಾಪ್‌ಗೆ ಸಲಹೆ ಕೊಡಿ. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಗಿಟ್‌ಹಬ್‌ನಲ್ಲಿ ಮುಂದಿನ ವರ್ಷದ ಸಲಹೆಗಳನ್ನು ತೆಗೆದುಕೊಳ್ಳುತ್ತಾರೆ. ಆ ಸೌಲಭ್ಯಕ್ಕೆ ಬರೆದಿಟ್ಟ ಮಾನದಂಡ ಇರಬೇಕು. ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಎಂಬ ಹಂಚಿಕೆಯ ಸಂಗ್ರಹದಲ್ಲಿ ಪರೀಕ್ಷೆಗಳೂ ಇರಬೇಕು, ಯಾಕೆಂದರೆ ವರ್ಷದುದ್ದಕ್ಕೂ ಅಂಕ ಕೊಡುವುದು ಅವುಗಳ ಮೇಲೆಯೇ. ಪರೀಕ್ಷೆ ಇಲ್ಲದಿದ್ದರೆ ನಿಮ್ಮ ಕತ್ತರಿಸಿದ ಪುಟವನ್ನೇ ಪರೀಕ್ಷೆಯಾಗಿ ಬರೆದು ಕಳಿಸಬಹುದು. ಈ ಸೌಲಭ್ಯ ಇಲ್ಲದೆ ನೀವು ಎಷ್ಟು ಕೋಡ್ ಜಾಸ್ತಿ ಬರೆಯಬೇಕಾಯಿತು, ಬಳಕೆದಾರರಿಗೆ ಏನು ತೊಂದರೆಯಾಯಿತು ಎಂಬುದನ್ನೂ ಹೇಳಿ.

ಎಲ್ಲರೂ ಒಪ್ಪಿದ್ದು ಮಾತ್ರ ಪಟ್ಟಿಗೆ ಸೇರುತ್ತದೆ. ಸೇರಿದ ಮೇಲೂ ತಾಳ್ಮೆ ಬೇಕು. ಒಳಗಿನ ಗ್ರಿಡ್ಡನ್ನು ಹೊರಗಿನ ಗ್ರಿಡ್‌ನ ಗೆರೆಗಳಿಗೇ ಹೊಂದಿಸುವ ಸಬ್‌ಗ್ರಿಡ್ ಎಂಬ ಸಿಎಸ್‌ಎಸ್ ಸೌಲಭ್ಯ ಫೈರ್‌ಫಾಕ್ಸ್‌ಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಸಫಾರಿಗೆ 2022ರ ಸೆಪ್ಟೆಂಬರ್, ಕ್ರೋಮ್‌ಗೆ 2023ರ ಸೆಪ್ಟೆಂಬರ್. ಅಲ್ಲಿಯವರೆಗೆ ನಿಮ್ಮ ಸಿಎಸ್‌ಎಸ್‌ನಲ್ಲಿ ಸರಳ ವಿನ್ಯಾಸವೊಂದು ಮೊದಲಿರಲಿ. ಹೊಸ ಸೌಲಭ್ಯವನ್ನು ಸಪೋರ್ಟ್ಸ್ (@supports) ನಿಯಮದೊಳಗೆ ಇಡಿ, ಬ್ರೌಸರ್‌ಗೆ ಆ ಸೌಲಭ್ಯ ಗೊತ್ತಿದ್ದರೆ ಮಾತ್ರ ಅದರೊಳಗಿನದು ಜಾರಿಯಾಗುತ್ತದೆ. ಬ್ರೌಸರ್ ಅದನ್ನು ಕಲಿತ ದಿನ ನಿಮ್ಮ ಪುಟ ತಾನಾಗಿಯೇ ಬದಲಾಗುತ್ತದೆ.