ದಿನನಿತ್ಯದ ಒತ್ತಡ: ಏರಿದ್ದನ್ನು ಇಳಿಸಿಕೊಳ್ಳುವುದು ಹೇಗೆ?

‘ತಲಿ ಜಡ ಆಗೇತ್ರಿ’, ‘ಎದಿ ಧಡಧಡ ಅಂತೇತ್ರಿ’, ‘ಹೊಟ್ಟಿ ಉರಿ ಕಡಿಮಿ ಆಗವಲ್ದು’ ಎಂದು ನಮ್ಮ ಭಾಗದ ದವಾಖಾನೆಗಳಿಗೆ ಬರುವವರಲ್ಲಿ ಅನೇಕರು ತಮಗೆ ಮಾನಸಿಕ ಒತ್ತಡವಿದೆ ಎಂದು ಹೇಳಿಕೊಳ್ಳುವುದಿಲ್ಲ. ಅವರಿಗೆ ಅದು ಮೊದಲು ಮೈಯಲ್ಲೇ ಕಾಣಿಸಿಕೊಂಡಿರುತ್ತದೆ. ಅದು ಸಹಜವೂ ಹೌದು, ಏಕೆಂದರೆ ಒತ್ತಡ ನಿಜಕ್ಕೂ ಮೈಯಲ್ಲಿ ನಡೆಯುವ ಕ್ರಿಯೆ. ಅದನ್ನು ನಿಭಾಯಿಸುವ ಕೆಲಸವನ್ನೂ ಮೈಯಿಂದಲೇ ಆರಂಭಿಸಬಹುದು.

ಎದುರಿಗೆ ಅಪಾಯವಿದೆ ಎಂದು ಮೆದುಳಿಗೆ ಅನ್ನಿಸಿದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ನಿಧಾನಗೊಳ್ಳುತ್ತದೆ. ಕೆಲವು ನಿಮಿಷಗಳಲ್ಲಿ ಅದೇ ಗ್ರಂಥಿಗಳಿಂದ ಹೊರಡುವ ಕಾರ್ಟಿಸೋಲ್, ರಕ್ತದಲ್ಲಿ ಸಕ್ಕರೆಯ ಪ್ರಮಾಣವನ್ನು ಹೆಚ್ಚಿಸಿ, ಓಡಲು ಇಲ್ಲವೇ ಎದುರಿಸಿ ನಿಲ್ಲಲು ಬೇಕಾದ ಶಕ್ತಿಯನ್ನು ಒದಗಿಸುತ್ತದೆ. ಹಾಯಲು ಬಂದ ಎತ್ತಿನಿಂದ ತಪ್ಪಿಸಿಕೊಳ್ಳುವಾಗ ಜೀವ ಉಳಿಸುವುದು ಇದೇ ವ್ಯವಸ್ಥೆ. ಎತ್ತು ಆಚೆ ಹೋಯಿತೆಂದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ತಾನಾಗಿ ಇಳಿಯುತ್ತದೆ.

ಆದರೆ ಸಾಲದ ಕಂತು, ತಿಂಗಳುಗಟ್ಟಲೆ ಮುಂದೆ ಹೋಗುವ ಪರೀಕ್ಷೆಯ ಫಲಿತಾಂಶ, ಮನೆಯೊಳಗಿನ ಮಾತು-ಮುನಿಸು, ಕೈಕೊಟ್ಟ ಮಳೆ ಇವು ಹಾಗೆ ಆಚೆ ಹೋಗುವಂಥವಲ್ಲ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಪ್ರಕಟಿಸಿದ ಪುಟ್ಟ ಬರಹವೊಂದರಲ್ಲಿ, ಚಳಿ, ಗಾಯ, ಅತಿಯಾದ ದಣಿವು ಹೀಗೆ ಕಾರಣ ಯಾವುದೇ ಇದ್ದರೂ ಇಲಿಗಳ ದೇಹ ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ ಎಂದು ತೋರಿಸಿದ್ದರು: ಮೊದಲು ದೇಹ ಎಚ್ಚೆತ್ತುಕೊಳ್ಳುತ್ತದೆ, ಅನಂತರ ಸಹಿಸಿಕೊಂಡು ಹೋಗುತ್ತದೆ, ಕಾರಣ ಮುಂದುವರಿದೇ ಇದ್ದರೆ ಕೊನೆಗೆ ಬಸವಳಿಯುತ್ತದೆ. ಒತ್ತಡ ಏರುವುದರಿಂದ ಆರೋಗ್ಯ ಕೆಡುವುದಕ್ಕಿಂತ, ಏರಿದ ಒತ್ತಡ ಇಳಿಯದೆ ಉಳಿಯುವುದರಿಂದ ಕೆಡುವುದೇ ಹೆಚ್ಚು. ರಕ್ತದೊತ್ತಡ, ನಿದ್ರಾಹೀನತೆ, ಹೊಟ್ಟೆಯ ತೊಂದರೆ, ಸಕ್ಕರೆ ಕಾಯಿಲೆಯ ಏರುಪೇರು ಇವೆಲ್ಲಕ್ಕೂ ಅಲ್ಲಿ ದಾರಿ ತೆರೆದುಕೊಳ್ಳುತ್ತದೆ. ಆದ್ದರಿಂದ ಮುಂದೆ ಹೇಳುವ ಎಲ್ಲ ಹೆಜ್ಜೆಗಳ ಗುರಿ ಒಂದೇ: ದಿನದಲ್ಲಿ ಒಮ್ಮೆಯಾದರೂ ದೇಹವನ್ನು ಪೂರ್ತಿ ಇಳಿಯಲು ಬಿಡುವುದು.

ಮೊದಲು ಒಂದು ವಾರ ಬರೆದಿಡಿ

ಅಂಗಡಿಯ ಲೆಕ್ಕಕ್ಕೆ ಬಳಸುವಂಥ ಸಣ್ಣ ನೋಟ್‌ಬುಕ್ ಸಾಕು. ಮನಸ್ಸು ಕೆಟ್ಟಾಗ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ: ಆಗ ಎಷ್ಟು ಗಂಟೆಯಾಗಿತ್ತು, ಏನು ನಡೆಯಿತು, ಮೈಯಲ್ಲಿ ಎಲ್ಲಿ ಗೊತ್ತಾಯಿತು, ಆಮೇಲೆ ನೀವು ಏನು ಮಾಡಿದಿರಿ. ಮೂರನೆಯದನ್ನು ಬಿಡಬೇಡಿ. ಕೆಲವರಿಗೆ ದವಡೆ ಬಿಗಿಯುತ್ತದೆ, ಕೆಲವರಿಗೆ ಹೆಗಲು ಮತ್ತು ಕತ್ತಿನ ಹಿಂಭಾಗ ನೋಯುತ್ತದೆ, ಇನ್ನು ಕೆಲವರಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ ಅಥವಾ ಸಣ್ಣ ಮಾತಿಗೂ ಮಕ್ಕಳ ಮೇಲೆ ಸಿಟ್ಟು ಬರುತ್ತದೆ. ನಿಮ್ಮ ಮೈ ಕೊಡುವ ಮೊದಲ ಸೂಚನೆ ಯಾವುದೆಂದು ತಿಳಿದರೆ ಒತ್ತಡ ಪೂರ್ತಿ ಏರುವ ಮುನ್ನವೇ ತಡೆಯಲು ಅವಕಾಶ ಸಿಗುತ್ತದೆ. ನಾಲ್ಕನೆಯ ಸಂಗತಿಯನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಚಹಾ ಕುಡಿದಿದ್ದರೆ ಚಹಾ, ಗುಟ್ಕಾ ಹಾಕಿಕೊಂಡಿದ್ದರೆ ಗುಟ್ಕಾ. ಈ ಪುಸ್ತಕವನ್ನು ಬೇರೆ ಯಾರೂ ಓದಬೇಕಾಗಿಲ್ಲ.

ಕೈಯಲ್ಲಿರುವುದು, ಕೈಯಲ್ಲಿಲ್ಲದ್ದು

ವಾರದ ಕೊನೆಗೆ ಬರೆದದ್ದನ್ನೆಲ್ಲ ಎರಡು ಭಾಗ ಮಾಡಿ. ಇಲ್ಲಿ ಅವಸರ ಬೇಡ, ಏಕೆಂದರೆ ಮೇಲ್ನೋಟಕ್ಕೆ ಕೈಯಲ್ಲಿಲ್ಲ ಎನಿಸುವ ಎಷ್ಟೋ ಸಂಗತಿಗಳ ಒಂದು ತುದಿ ನಮ್ಮ ಕೈಯಲ್ಲೇ ಇರುತ್ತದೆ.

ನಳದ ನೀರಿನ ಮಾತನ್ನೇ ತೆಗೆದುಕೊಳ್ಳಿ. ಹುಬ್ಬಳ್ಳಿ, ಗದಗಿನ ಎಷ್ಟೋ ಬಡಾವಣೆಗಳಲ್ಲಿ ನೀರು ದಿನಗಟ್ಟಲೆ ಬಿಟ್ಟು ಬರುತ್ತದೆ, ಬರುವ ಹೊತ್ತೂ ನಿಶ್ಚಿತವಲ್ಲ. ನೀರು ಬರುವ ವೇಳೆಯನ್ನು ಗೃಹಿಣಿ ಬದಲಿಸಲಾರಳು. ಆದರೆ ನಡುರಾತ್ರಿ ಎದ್ದು ಕಾಯುವ ಕೆಲಸ ಪ್ರತಿ ಸಲವೂ ಅವಳೊಬ್ಬಳದೇ ಆಗಬೇಕಿಲ್ಲ. ಈ ಸಲ ಯಾರ ಪಾಳಿ ಎಂದು ಮನೆಯವರೆಲ್ಲ ಕೂತು ನಿಶ್ಚಯಿಸಿದರೆ ಅವಳಿಗೆ ಒಂದು ರಾತ್ರಿಯ ನಿದ್ದೆ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಹೆಂಗಸರ ಒತ್ತಡದ ಬಹುಪಾಲು ಇಂಥ ಹಂಚಿಕೆಯಾಗದ ಕೆಲಸದಿಂದಲೇ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅದಕ್ಕೆ ಪ್ರಾಣಾಯಾಮ ಕಲಿಸುವುದಕ್ಕಿಂತ ಕೊಡ ಹಿಡಿಯುವುದು ಹೆಚ್ಚು ಒಳ್ಳೆಯ ಉಪಾಯ.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದ ರೈತನಿಗೆ ಆ ದಿನದ ದರ ನಿಶ್ಚಯಿಸುವ ಅಧಿಕಾರವಿಲ್ಲ. ಎಷ್ಟನ್ನು ಇಂದೇ ಮಾರಬೇಕು, ಎಷ್ಟನ್ನು ಶೀತಲಗೃಹದಲ್ಲಿ ಇಡಬೇಕು, ಇಟ್ಟರೆ ಬಾಡಿಗೆ ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ಹಿಂದಿನ ದಿನವೇ ಮಾಡಿಟ್ಟುಕೊಂಡರೆ ಟೆಂಡರಿನ ಗದ್ದಲದ ನಡುವೆ ತೀರ್ಮಾನಿಸುವ ಕಷ್ಟ ತಪ್ಪುತ್ತದೆ. ಸಾಲಕ್ಕೂ ಇದೇ ಮಾತು. ಬ್ಯಾಂಕು, ಸೊಸೈಟಿ, ಸಂಘ, ಕೈಗಡ ಎಲ್ಲವನ್ನೂ ಬಡ್ಡಿಯ ದರದೊಂದಿಗೆ ಒಂದೇ ಹಾಳೆಯಲ್ಲಿ ಬರೆದರೆ ಮೊತ್ತವೇನೂ ಕಡಿಮೆಯಾಗುವುದಿಲ್ಲ, ಆದರೆ ಯಾವುದನ್ನು ಮೊದಲು ತೀರಿಸಬೇಕು, ಯಾರ ಹತ್ತಿರ ಕಾಲಾವಕಾಶ ಕೇಳಬೇಕು ಎಂಬುದು ಕಣ್ಣಿಗೆ ಕಾಣುತ್ತದೆ.

ನಿಜಕ್ಕೂ ಕೈಯಲ್ಲಿಲ್ಲದ ಚಿಂತೆಗಳಿಗೆ ಸಂಜೆ ಹದಿನೈದು ನಿಮಿಷ ಮೀಸಲಿಡಿ. ಹಗಲಿನಲ್ಲಿ ಚಿಂತೆ ಬಂದಾಗ ಒಂದು ಸಾಲು ಬರೆದು ಆ ಹೊತ್ತಿಗೆ ಮುಂದೂಡಿ. ಧಾರವಾಡದ ಸಪ್ತಾಪುರದ ಕೋಣೆಗಳಲ್ಲಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಿರುವ ಯುವಕ ಯುವತಿಯರಿಗೆ ಇದು ಬಹಳ ಉಪಯುಕ್ತ. ‘ನೋಟಿಫಿಕೇಷನ್ ಯಾವಾಗ ಬಂದೀತು, ಊರಿನಲ್ಲಿ ಅಪ್ಪ ಎಷ್ಟು ದಿನ ದುಡ್ಡು ಕಳಿಸಿಯಾನು’ ಎಂಬ ಯೋಚನೆ ಪುಸ್ತಕದ ಪ್ರತಿ ಪುಟದ ಮೇಲೂ ಬಂದು ಕೂಡದಂತೆ ಇದು ನೋಡಿಕೊಳ್ಳುತ್ತದೆ.

ಉಸಿರಾಟ: ಐದು ನಿಮಿಷ, ದಿನಕ್ಕೆ ಎರಡು ಸಲ

ಬೆನ್ನು ನೆಟ್ಟಗೆ ಮಾಡಿ ಕುರ್ಚಿಯ ಮೇಲೋ ಚಾಪೆಯ ಮೇಲೋ ಕುಳಿತುಕೊಳ್ಳಿ. ಒಂದು ಅಂಗೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆಳೆದುಕೊಳ್ಳಿ. ಎದೆಗಿಂತ ಹೊಟ್ಟೆ ಹೆಚ್ಚು ಉಬ್ಬಬೇಕು. ಆರು ಎಣಿಸುವಷ್ಟು ಹೊತ್ತು ಮೆಲ್ಲಗೆ ಹೊರಗೆ ಬಿಡಿ. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಉಸಿರು ಒಳಗೆ ಹೋಗುವಾಗ ಎದೆಬಡಿತ ತುಸು ಏರುತ್ತದೆ, ಹೊರಗೆ ಹೋಗುವಾಗ ತುಸು ಇಳಿಯುತ್ತದೆ. ಹೃದಯವನ್ನು ನಿಧಾನಗೊಳಿಸುವ ವೇಗಸ್ ನರ ನಿಶ್ವಾಸದ ಹೊತ್ತಿನಲ್ಲಿ ಹೆಚ್ಚು ಕೆಲಸ ಮಾಡುವುದೇ ಇದಕ್ಕೆ ಕಾರಣ. ಹೊರಗೆ ಬಿಡುವ ಉಸಿರು ಉದ್ದವಾಗಿರಬೇಕು ಎನ್ನುವುದು ಅದಕ್ಕಾಗಿಯೇ.

ಸಮಾಧಾನದಿಂದಿರುವ ಹೊತ್ತಿನಲ್ಲಿ ಇದನ್ನು ರೂಢಿ ಮಾಡಿಕೊಳ್ಳದಿದ್ದರೆ ಜಗಳದ ನಡುವೆಯೋ ಪರೀಕ್ಷಾ ಕೊಠಡಿಯಲ್ಲೋ ಅದು ನೆರವಿಗೆ ಬರುವುದಿಲ್ಲ. ತಲೆ ಸುತ್ತಿದರೆ ನಿಲ್ಲಿಸಿ, ಎಂದಿನಂತೆ ಉಸಿರಾಡಿ. ರಾತ್ರಿ ಮಲಗಿದ ಮೇಲೆ ಇನ್ನೊಂದು ಅಭ್ಯಾಸ ಮಾಡಬಹುದು: ಪಾದದಿಂದ ಆರಂಭಿಸಿ ಹಣೆಯವರೆಗೆ ಒಂದೊಂದೇ ಭಾಗದ ಸ್ನಾಯುಗಳನ್ನು ಐದು ಸೆಕೆಂಡು ಬಿಗಿಹಿಡಿದು, ಅನಂತರ ಹತ್ತು ಹದಿನೈದು ಸೆಕೆಂಡು ಪೂರ್ತಿ ಸಡಿಲ ಬಿಡಬೇಕು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ರೂಪಿಸಿದ ಈ ಕ್ರಮವನ್ನು ವೈದ್ಯರು ಇಂದಿಗೂ ಹೇಳಿಕೊಡುತ್ತಾರೆ.

ನಡಿಗೆ

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆಯ ಚುರುಕು ನಡಿಗೆ. ಉಣಕಲ್ ಕೆರೆಯ ದಂಡೆ, ಧಾರವಾಡದ ಸಾಧನಕೇರಿ, ಗದಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ಕೆರೆ ಇವೆಲ್ಲ ಹತ್ತಿರದಲ್ಲೇ ಇವೆ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಮುಗಿಸಿ. ದಿನವಿಡೀ ಮನೆಗೆಲಸ ಮಾಡುವವರು ‘ನಮಗ್ಯಾಕ ವಾಕಿಂಗ್’ ಎನ್ನುವುದುಂಟು. ಆದರೆ ಯಾರ ಕರೆಗೂ ಓಗೊಡಬೇಕಿಲ್ಲದ ಅರ್ಧ ಗಂಟೆ ಮನೆಯೊಳಗೆ ಅವರಿಗೆ ಸಿಗುವುದಿಲ್ಲ. ಅದಕ್ಕಾಗಿಯಾದರೂ ಹೊರಬೀಳಬೇಕು.

ಚಹಾ, ತಂಬಾಕು, ನಿದ್ದೆ

ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಮಿರ್ಚಿಯ ಜೊತೆ ಕುಡಿದ ಖಡಕ್ ಚಹಾದ ಪರಿಣಾಮ ರಾತ್ರಿ ಹನ್ನೊಂದಕ್ಕೂ ಉಳಿದಿರುತ್ತದೆ. ನಿದ್ದೆ ಬಾರದವರು ಮಧ್ಯಾಹ್ನ ಮೂರರ ನಂತರ ಚಹಾ ಬಿಟ್ಟು ನೋಡಬೇಕು. ತಂಬಾಕು ಸಮಾಧಾನ ಕೊಡುತ್ತದೆ ಎಂಬ ನಂಬಿಕೆ ಬಲವಾಗಿದೆ, ಆದರೆ ನಿಕೋಟಿನ್ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಹಾಕಿಕೊಂಡಾಗ ಸಿಗುವ ನೆಮ್ಮದಿ ಬಹುಮಟ್ಟಿಗೆ ಹಿಂದಿನ ಸಲದ ನಿಕೋಟಿನ್ ಇಳಿದಾಗ ಹುಟ್ಟಿದ ಚಡಪಡಿಕೆ ತಣಿದದ್ದು ಮಾತ್ರ. ಮದ್ಯ ಬೇಗ ನಿದ್ದೆ ಹಿಡಿಸಿ ರಾತ್ರಿಯ ಉತ್ತರಾರ್ಧದಲ್ಲಿ ಅದನ್ನು ಒಡೆಯುತ್ತದೆ.

ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಮೊದಲು ನಿಶ್ಚಿತ ಮಾಡಿಕೊಳ್ಳಿ. ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡಿ.

ಹೇಳಿಕೊಳ್ಳುವುದು, ಕೇಳಿಸಿಕೊಳ್ಳುವುದು

ಮನಸ್ಸಿನ ಭಾರವನ್ನು ಒಬ್ಬರ ಮುಂದಾದರೂ ಹೇಳಿಕೊಳ್ಳಬೇಕು. ಕೇಳಿಸಿಕೊಳ್ಳುವವರ ಹೊಣೆಯೂ ಸಣ್ಣದಲ್ಲ. ‘ಇಷ್ಟಕ್ಕೆಲ್ಲಾ ತಲಿ ಕೆಡಿಸ್ಕೋಬ್ಯಾಡ’ ಎಂದು ಮಾತು ಮುಗಿಸಿಬಿಟ್ಟರೆ ಅವರು ಎರಡನೆಯ ಸಲ ಬಾಯಿ ಬಿಡುವುದಿಲ್ಲ. ‘ಏನಾತು ಹೇಳವಾ, ನಾ ಇಲ್ಲೇ ಅದೀನಿ’ ಎಂದು ಕೂತು, ಪರಿಹಾರ ಹೇಳುವ ಆತುರವಿಲ್ಲದೆ ಕೇಳಿ. ಬೆಳೆ ಹಾಳಾದ, ಸಾಲ ಏರಿದ ಮನೆಯ ಯಜಮಾನ ಮಾತು ಕಡಿಮೆ ಮಾಡಿದರೆ, ಊಟ ಬಿಟ್ಟರೆ, ‘ನಾ ಇಲ್ಲದಿದ್ರ ಚಲೋ’ ಎಂಬಂಥ ಮಾತಾಡಿದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ, ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ಹೊರಗೆ ಸಾಗಿಸಿ, ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ವೈದ್ಯರನ್ನು ಯಾವಾಗ ಕಾಣಬೇಕು

ಎದೆನೋವು, ಎಡಗೈಗೆ ಹರಡುವ ನೋವು, ಬೆವರಿನೊಂದಿಗೆ ಉಸಿರುಗಟ್ಟಿದಂತಾಗುವುದು ಇವನ್ನು ಎಂದಿಗೂ ಒತ್ತಡವೆಂದು ನೀವೇ ತೀರ್ಮಾನಿಸಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ರಕ್ತಹೀನತೆಯಿಂದಲೂ ಥೈರಾಯ್ಡ್ ತೊಂದರೆಯಿಂದಲೂ ಎದೆ ಬಡಿದುಕೊಳ್ಳಬಹುದು, ಸುಸ್ತಾಗಬಹುದು. ಆದ್ದರಿಂದ ರಕ್ತ ಪರೀಕ್ಷೆ ಬೇಕಾಗುತ್ತದೆ. ರಕ್ತದೊತ್ತಡ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು, ಉಸಿರಾಟವೊಂದೇ ಸಾಲದು.

ಎರಡು ವಾರಕ್ಕೂ ಮೀರಿ ನಿದ್ದೆ-ಊಟ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲವಾಗಿದ್ದರೆ, ಕೆಲಸಕ್ಕೆ ಹೋಗಲು ಆಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರ ಸೇವೆ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿ ಹೋಗುವಾಗ ವಾರದ ನೋಟ್‌ಬುಕ್ಕನ್ನೂ ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಅವರು ಮಾತ್ರೆ ಬರೆದುಕೊಟ್ಟರೆ, ಸ್ವಲ್ಪ ಆರಾಮಾಯಿತೆಂದು ನೀವಾಗಿಯೇ ನಿಲ್ಲಿಸದೆ, ನಿಲ್ಲಿಸುವ ದಿನವನ್ನೂ ಅವರನ್ನೇ ಕೇಳಿ.