ಉಪಗ್ರಹದ ಡೇಟಾ ಹಿಡಿದು ಹವಾಮಾನದ ಮೇಲೆ ಪಿಎಚ್‌ಡಿ: ಎಲ್ಲಿಂದ ಶುರು ಮಾಡಬೇಕು?

ಈ ವಿಷಯದಲ್ಲಿ ಪಿಎಚ್‌ಡಿ ಮಾಡಬೇಕು ಅನ್ನುವವರು ಮೊದಲು ಕೇಳುವುದು 'ಯಾವ ಸಂಸ್ಥೆ ಒಳ್ಳೆಯದು?' ಅಂತ. ಅದು ಆಮೇಲಿನ ಮಾತು. ನೀವು ನೋಡಬೇಕು ಅಂದುಕೊಂಡಿರುವುದಕ್ಕೆ ಸಾಕಷ್ಟು ವರ್ಷಗಳ ಡೇಟಾ ಇದೆಯಾ? ಅದನ್ನು ಮೊದಲು ನೋಡಿ.

ಹವಾಮಾನ ಅಂದರೆ ಸಾಮಾನ್ಯವಾಗಿ 30 ವರ್ಷದ ಲೆಕ್ಕ. 2025ರ ಜುಲೈನಲ್ಲಿ ಹಾರಿದ ನಿಸಾರ್ ಭರ್ಜರಿ ರಾಡಾರ್ ಉಪಗ್ರಹ, ಮೋಡ ಇದ್ದರೂ ನೆಲ ಕಾಣುತ್ತದೆ, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಆದರೆ ಅದೊಂದನ್ನೇ ನಂಬಿ 'ಹವಾಮಾನ ಬದಲಾಗಿದೆ' ಅಂತ ಹೇಳಲು ಆಗಲ್ಲ, ಅಲ್ವಾ? ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 1972ರಿಂದ ಇವೆ, 2008ರಿಂದ ಪುಕ್ಕಟೆ. ತುಂಗಭದ್ರಾ ಹಿನ್ನೀರು ಹೇಗೆ ಬದಲಾಯಿತು ಅಂತ ನೋಡಲು ಅದು ಸರಿ. ಕೊಡಗಿನ ಭೂಕುಸಿತಕ್ಕೆ ಕಷ್ಟ, ಮಳೆಗಾಲದಲ್ಲಿ ಅದಕ್ಕೆ ಕಾಣುವುದು ಬರೀ ಮೋಡ. ಅಲ್ಲಿ 2014ರಿಂದ ಇರುವ ಸೆಂಟಿನೆಲ್-1 ರಾಡಾರ್ ಬೇಕು. (ನಾನು ಇದು ಗೊತ್ತಿಲ್ಲದೆ ಎರಡು ತಿಂಗಳು ಮೋಡವನ್ನೇ ಡೌನ್‌ಲೋಡ್ ಮಾಡಿಕೊಂಡು ಕೂತಿದ್ದೆ.) ಅಂತರ್ಜಲಕ್ಕೆ 2002ರಲ್ಲಿ ಹಾರಿದ ಗ್ರೇಸ್ ಅನ್ನುವ ಜೋಡಿ ಉಪಗ್ರಹ ಮತ್ತು ಅದರ ನಂತರದ ಜೋಡಿ ಇವೆ, ಭೂಮಿಯ ಗುರುತ್ವದ ಸಣ್ಣ ಏರುಪೇರಿನಿಂದ ನೀರನ್ನು ಅಳೆಯುತ್ತವೆ. ಆದರೆ ಅವು ನೋಡುವುದು ನೂರಾರು ಕಿಲೋಮೀಟರ್ ಅಗಲದಲ್ಲಿ. ನಿಮ್ಮ ತಾಲ್ಲೂಕಿನ ಬೋರ್‌ವೆಲ್ ಕಥೆ ಅವಕ್ಕೆ ಗೊತ್ತಾಗಲ್ಲ.

ಅರ್ಜಿಗೆ ಮುಂಚೆ ಒಂದು ತಿಂಗಳು ಕೂತು ಚಿಕ್ಕ ಪ್ರಯೋಗ ಮಾಡಿ. ಪೈಥಾನ್ ಪ್ರೋಗ್ರಾಮಿಂಗ್ ಸ್ವಲ್ಪ ಕಲಿಯಿರಿ, ಉಪಗ್ರಹ ಡೇಟಾವನ್ನು ಬ್ರೌಸರ್‌ನಲ್ಲೇ ನೋಡಲು ಗೂಗಲ್ ಅರ್ಥ್ ಎಂಜಿನ್ ತೆರೆಯಿರಿ, ನಮ್ಮ ಇನ್ಸಾಟ್ ಹವಾಮಾನ ಉಪಗ್ರಹಗಳ ಡೇಟಾಗೆ ಇಸ್ರೋದ ಮೋಸ್‌ಡ್ಯಾಕ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ. ಉಪಗ್ರಹ ಹೇಳುವ ಮಳೆಗೂ ಊರಿನ ಮಳೆಮಾಪಕ ಹೇಳುವ ಮಳೆಗೂ ಎಷ್ಟು ವ್ಯತ್ಯಾಸ ನೋಡಿ. ಆ ವ್ಯತ್ಯಾಸ ಯಾಕೆ ಬಂತು ಅಂತ ಹುಡುಕಲು ಹೊರಟರೆ ಎಷ್ಟೋ ಸಲ ಅಲ್ಲೇ ಪಿಎಚ್‌ಡಿ ವಿಷಯ ಸಿಗುತ್ತದೆ.

ಪರೀಕ್ಷೆ ಹೇಗೂ ಬರೆಯಲೇಬೇಕು. ಎಂಜಿನಿಯರಿಂಗ್‌ನವರಿಗೆ ಗೇಟ್ (2022ರಿಂದ ಜಿಯೋಮ್ಯಾಟಿಕ್ಸ್, ಅಂದರೆ ಭೂಮಾಪನ-ನಕ್ಷೆಯ ಪೇಪರ್ ಕೂಡ ಇದೆ), ಎಂಎಸ್ಸಿಯವರಿಗೆ ಸಿಎಸ್‌ಐಆರ್ ನೆಟ್, ಅದರಲ್ಲಿ ಭೂಮಿ-ವಾತಾವರಣ-ಸಾಗರದ್ದೇ ಬೇರೆ ಪೇಪರ್.

ಬೆಂಗಳೂರಿನಲ್ಲಿ ಐಐಎಸ್‌ಸಿ ಇದೆ. ಅಲ್ಲಿನ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರ, ದಿವೇಚಾ ಹವಾಮಾನ ಬದಲಾವಣೆ ಕೇಂದ್ರ ಎರಡನ್ನೂ ನೋಡಿ. ಅರ್ಜಿ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್‌ನಲ್ಲಿ. ಹೊರಗಡೆ ಅಹಮದಾಬಾದ್‌ನ ಪಿಆರ್‌ಎಲ್ (ಭೌತಿಕ ಸಂಶೋಧನಾ ಪ್ರಯೋಗಾಲಯ), ತಿರುವನಂತಪುರದ ಐಐಎಸ್‌ಟಿ (ಬಾಹ್ಯಾಕಾಶ ವಿಜ್ಞಾನ ಸಂಸ್ಥೆ), ಪುಣೆಯ ಐಐಟಿಎಂ (ಉಷ್ಣವಲಯದ ಹವಾಮಾನ ಸಂಸ್ಥೆ), ಐಐಟಿ ಬಾಂಬೆಯ ಹವಾಮಾನ ಅಧ್ಯಯನ ವಿಭಾಗ. ನೆದರ್‌ಲೆಂಡ್ಸ್‌ನಲ್ಲಿ ಪಿಎಚ್‌ಡಿ ಅಂದರೆ ಸಂಬಳದ ಕೆಲಸ, ಹಾಗಾಗಿ ಅಲ್ಲಿ ಕೆಲಸದ ಜಾಹೀರಾತು ಹುಡುಕಬೇಕು. ಅಲ್ಲಿನ ಟ್ವೆಂಟೆ ವಿಶ್ವವಿದ್ಯಾಲಯದ ಐಟಿಸಿ ಅನ್ನುವ ವಿಭಾಗ ಈ ವಿಷಯಕ್ಕೇ ಹೆಸರಾದದ್ದು.

ಒಂದು ಎಚ್ಚರಿಕೆ. ಇಸ್ರೋ ತನ್ನ ರೆಸ್ಪಾಂಡ್ ಯೋಜನೆಯಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಹಣ ಕೊಡುತ್ತದೆ. ಅಂಥ ಪ್ರಾಜೆಕ್ಟ್‌ಗಳಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಕೆಲಸ ಸಿಗುತ್ತದೆ. ಒಳ್ಳೆಯ ಬಾಗಿಲೇ, ಆದರೆ ಕೆಲಸ ಸಿಕ್ಕಿತು ಅಂದರೆ ಪಿಎಚ್‌ಡಿ ಸೀಟು ಸಿಕ್ಕಿತು ಅಂತಲ್ಲ. ನೋಂದಣಿ ಬೇರೆ, ಪ್ರಾಜೆಕ್ಟ್ ಮುಗಿಯುವ ದಿನ ಬೇರೆ. ಜೆಆರ್‌ಎಫ್ ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಕಾಗದದ ಮೇಲೆ ಪ್ರತಿ ತಿಂಗಳು ಬರುತ್ತದೆ. ನಿಜವಾಗಿ ಯಾವಾಗ ಬರುತ್ತದೆ ಅಂತ ಗೈಡ್ ಹತ್ತಿರ ಕೇಳಬೇಡಿ, ಆ ಲ್ಯಾಬ್‌ನಲ್ಲಿ ಮೂರನೇ ವರ್ಷದಲ್ಲಿರುವವರನ್ನು ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ ಕೇಳಿ. ಬಿಲ್ ನೀವೇ ಕೊಡಿ.